ಸೀರಮ್ ಬಾಟಲಿಯ ಪೆನ್ಸಿಲ್ ಗೆರೆ

ಊರಿನ ಚರ್ಮದ ಸಮಸ್ಯೆಗಳೆಲ್ಲ ನನ್ನ ಮೇಜಿಗೇ ಬಂದು ನಿಲ್ಲುತ್ತವೆ. ಮೂಡಲಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಹಾಗಾಗಿ ಮುಲಾಮಿನ ಟ್ಯೂಬಿನ ಸಣ್ಣ ಅಕ್ಷರಗಳನ್ನು ಓದಿ ಹೇಳುವುದೂ ನನ್ನ ಕೆಲಸವೆಂದು ಎಲ್ಲರೂ ತೀರ್ಮಾನಿಸಿದ್ದಾರೆ. ನಾನು ಓದುವುದಕ್ಕೆ ಬೇರೆ ಕಾರಣವಿದೆ. ಹೋದ ವರ್ಷ ತೀರಿಕೊಂಡ ನನ್ನ ಹೆಂಡತಿ ಮುಖಕ್ಕೆ ಹಚ್ಚುತ್ತಿದ್ದ ವಿಟಮಿನ್ ಸಿ ಸೀರಮ್ ಗೋಕಾಕದ ನಮ್ಮ ಮನೆಯಲ್ಲಿ ಕನ್ನಡಿಯ ಕೆಳಗೆ ಹಾಗೇ ಇದೆ. ಅರ್ಧ ಬಾಟಲಿ. ದಿನಾ ಮುಂಜಾನೆ ಒಂದು ಹನಿಯನ್ನು ಎಡಗೈ ಮೇಲೆ ಬಿಟ್ಟುಕೊಂಡು, ವಾಸನೆ ನೋಡಿ, ಶಾಲೆಗೆ ಹೊರಡುತ್ತೇನೆ. ಅದು ಕೆಡಬಾರದು, ತೀರಬಾರದು. ಹನಿ ಹಾಕದೆ ಇರಲೂ ಆಗುವುದಿಲ್ಲ.

೧. ಲಿಂಬೆಕಾಯಿ

ವಿಟಮಿನ್ ಸಿ ಇಲ್ಲದೆ ಚರ್ಮ ಗಟ್ಟಿಯಾಗಿ ಉಳಿಯದು, ಅದು ಲಿಂಬೆಯಲ್ಲಿದೆ, ನೆಲ್ಲಿಯಲ್ಲಿದೆ ಎಂದು ಎಂಟನೆಯ ತರಗತಿಗೆ ಹೇಳುತ್ತಿದ್ದೆ. ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. ಅವಳ ಅಜ್ಜಿ ಮನೆಯಲ್ಲಿ ಉಪ್ಪಿನಕಾಯಿ ಮಾಡಿ ಮಾರುತ್ತಾರೆ.

"ಸರ್ರ, ನಮ್ಮ ಆಯಿ ಕೈ ದಿನಾ ಲಿಂಬಿಹಣ್ಣಿನ್ಯಾಗ ಇರ್ತಾವ್ರಿ. ಮತ್ತ ಆಕಿ ಕೈ ಯಾಕ ಹಂಗ ಒಡದಾವ್ರಿ?"

ಪ್ರಶ್ನೆ ಚೆನ್ನಾಗಿತ್ತು. ಲಿಂಬೆಯ ಹುಳಿ ಚರ್ಮವನ್ನು ಸುಡುತ್ತದೆ, ಜೊತೆಗೆ ಉಪ್ಪು, ಖಾರ ಬೇರೆ; ಲಿಂಬೆಯ ವಿಟಮಿನ್ ಹೊಟ್ಟೆಗೆ ಹೋಗಬೇಕು, ಮೈಗೆ ತಿಕ್ಕಬಾರದು ಎಂದು ಬಿಡಿಸಿ ಹೇಳಿದೆ. ಅವಳು ಶ್ರದ್ಧೆಯಿಂದ ಬರೆದುಕೊಂಡಳು. ಮರುದಿನ ಮುಂಜಾನೆ ನನ್ನ ಮೇಜಿನ ಮೇಲೆ ಒಂದು ಉಪ್ಪಿನಕಾಯಿ ಡಬ್ಬಿ, ಅದರ ಮೇಲೆ ಚೀಟಿ: "ಆಯಿ ಕೊಟ್ಟಾಳ್ರಿ. ಸರ್ ಮುಖಾ ಬಾಡೇತಿ, ಹೊಟ್ಟಿಗೆ ಹೋಗ್ಲಿ ಅಂದಾಳ್ರಿ."

೨. ಆಟದ ಮೈದಾನ

ನಮ್ಮ ದೈಹಿಕ ಶಿಕ್ಷಕರು ಯಮಕನಮರಡಿ ಕಡೆಯವರು. ಒಂದು ದಿನ ಸುಟ್ಟಂತೆ ಕೆಂಪಾದ ಮುಖದಲ್ಲಿ ಸ್ಟಾಫ್ ರೂಮಿಗೆ ಬಂದರು. ಕಿಸೆಯಿಂದ ಟ್ಯೂಬ್ ತೆಗೆದು, ಇದರಲ್ಲಿ ಏನಿದೆ ನೋಡಿ ಎಂದರು. ರೆಟಿನಾಲ್ ಇತ್ತು. ವಿಟಮಿನ್ ಎ ಬಳಗದ್ದು. ಚರ್ಮಕ್ಕೆ ನವೆ ತರಬಲ್ಲದು, ಬಿಸಿಲಿಗೆ ಆಗದು. ಅವರು ಮುಂಜಾನೆ ದಪ್ಪಗೆ ಬಳಿದುಕೊಂಡು ಎರಡು ಪೀರಿಯಡ್ ಕಬಡ್ಡಿ ಆಡಿಸಿದ್ದರು. ರಾತ್ರಿ ಮಾತ್ರ ಹಚ್ಚಬೇಕು, ಹಗಲು ಬಿಸಿಲು ತಡೆಯುವ ಕ್ರೀಮ್ ಬೇಕು ಎಂದು ಇಲ್ಲೇ ಬರೆದಿದೆಯಲ್ಲ ಎಂದು ತೋರಿಸಿದೆ.

"ಅದನ್ನ ಓದೇನ್ರಿ," ಎಂದರು. "ಆದ್ರ ರಾತ್ರಿ ಹಚ್ಕೊಂಡು ಯಾರಿಗಿ ತೋರಿಸ್ಲಿ?"

೩. ಔಷಧ ಅಂಗಡಿ

ದೈಹಿಕ ಶಿಕ್ಷಕರ ಟ್ಯೂಬ್ ಓದಿದ ಮೇಲೆ ನನ್ನ ಬಾಟಲಿಯದೇ ಚಿಂತೆ ಹತ್ತಿತು. ಗೋಕಾಕದ ಒಂದು ಔಷಧ ಅಂಗಡಿಗೆ ಒಯ್ದೆ. ಅಂಗಡಿಯವರು ಕನ್ನಡಕ ಏರಿಸಿ ನೋಡಿ, ಮುಚ್ಚಳ ತೆಗೆದ ಮೂರು ತಿಂಗಳೊಳಗೆ ಮುಗಿಸಬೇಕು, ಗಾಳಿ ಬೆಳಕು ತಾಗಿದರೆ ಕಂದು ಬಣ್ಣಕ್ಕೆ ತಿರುಗುತ್ತದೆ ಎಂದರು. ವರ್ಷ ಮೀರಿದೆ ಎಂದೆ. ಯಾರು ಹಚ್ಚಿಕೊಳ್ಳುತ್ತಾರೆ ಎಂದು ಕೇಳಿದರು. ಯಾರೂ ಇಲ್ಲ ಎಂದೆ.

ಅವರು ಬಾಟಲಿಯನ್ನು ಮೆಲ್ಲಗೆ ನನ್ನ ಕೈಗಿಟ್ಟರು. "ಹಂಗಾರ ಏನೂ ಕಾಳಜಿ ಮಾಡಬ್ಯಾಡ್ರಿ. ಯಾರಿಗೂ ಅಪಾಯ ಇಲ್ಲ."

ಮನೆಗೆ ಬಂದು ಬಾಟಲಿಗೆ ಅಂಟಿಸಿದ ಚೀಟಿಯ ಮೇಲೆ, ದ್ರವ ಇರುವ ಮಟ್ಟಕ್ಕೆ, ಪೆನ್ಸಿಲಿನಿಂದ ಗೆರೆ ಎಳೆದೆ. ಎಷ್ಟು ದಿನ ಉಳಿದೀತೆಂಬ ಲೆಕ್ಕ ನನಗೆ ಬೇಕಿತ್ತು.

೪. ಏರಿದ ಮಟ್ಟ

ಹದಿನೈದು ದಿನದ ನಂತರ ನೋಡಿದರೆ ದ್ರವ ಗೆರೆಗಿಂತ ಮೇಲೆ ಇತ್ತು. ಗೆರೆ ತಪ್ಪಿರಬೇಕೆಂದು ಹೊಸದು ಎಳೆದೆ. ಮತ್ತೆ ಏರಿತು. ಕಿಟಕಿಯ ಬೆಳಕಿಗೆ ಹಿಡಿದೆ: ಎರಡು ಪದರ, ನಡುವೆ ಸ್ಪಷ್ಟ ಗಡಿ. ವಿಟಮಿನ್ ಸಿ ನೀರಿನಲ್ಲಿ ಕರಗುತ್ತದೆ, ವಿಟಮಿನ್ ಇ ಎಣ್ಣೆಯಲ್ಲಿ. ಆ ಪಾಠಕ್ಕೆ ಇಷ್ಟು ಒಳ್ಳೆಯ ಮಾದರಿ ನನಗೆ ಎಂದೂ ಸಿಕ್ಕಿರಲಿಲ್ಲ. ದಿನದ ಹನಿಯನ್ನು ಡ್ರಾಪರ್ ತಳದಿಂದ ಎತ್ತುತ್ತದೆ; ಈ ಸಲ ಬಾಟಲಿಯ ಬಾಯನ್ನೇ ಮೂಗಿಗೆ ಹಿಡಿದೆ. ಕುಸುಬಿ ಎಣ್ಣೆ.

ಕುಸುಬಿ ಎಣ್ಣೆ ನಮ್ಮ ಮನೆಗೆ ಬರುವುದು ಒಬ್ಬರ ಕೈಯಿಂದಲೇ. ಹುಕ್ಕೇರಿ ತಾಲೂಕಿನ ದಡ್ಡಿಯಿಂದ ನನ್ನ ಅತ್ತೆ, ತಮ್ಮ ಮಗಳು ತೀರಿಕೊಂಡಾಗಿನಿಂದ, ಹದಿನೈದು ದಿನಕ್ಕೊಮ್ಮೆ ಬಂದು ಎರಡು ದಿನ ಇದ್ದು ಅಡುಗೆ ಮಾಡಿಟ್ಟು ಹೋಗುತ್ತಾರೆ. ಬಾಟಲಿಯನ್ನು ಅವರ ಮುಂದಿಟ್ಟು ಕೇಳಿದೆ. ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ನೀವು ಮುಂಜಾನೆ ಕದಾ ಅರ್ಧಾ ಮುಚ್ಚಿ ಹಚ್ಕೊಳ್ಳೂದು ನೋಡೇನ್ರಿ, ಮಾಸ್ತರ. ತೀರಿದ್ರ ಮತ್ತ ಸೊರಗ್ತೀರಿ ಅಂತ ತುಂಬಾಕತ್ತೇನಿ. ಕುಸುಬಿ ಎಣ್ಣ್ಯಾಗೂ ವಿಟಮಿನ್ ಐತಿ ಅಂತ ನೀವ ಹೇಳಿದ್ರಲ್ಲ."

ಹೇಳಿದ್ದು ನಿಜ. ಇಷ್ಟು ದಿನ ಒಂದು ಮಾತೂ ಆಡಲಿಲ್ಲವಲ್ಲ ಎಂದು ಕೇಳಿದೆ.

ಅತ್ತೆ ನನ್ನ ಮುಖವನ್ನು ಎಡದಿಂದ ಒಮ್ಮೆ, ಬಲದಿಂದ ಒಮ್ಮೆ ನೋಡಿದರು.

"ಏನ್ ಹೇಳ್ಲಿ? ಮುಖಕ್ಕೇನೂ ಹತ್ತಿಲ್ಲ. ಇನ್ನೊಂದು ಸೇರು ಎಣ್ಣಿ ಹಾಕಿ ನೋಡೂಣು ಅಂತ ಸುಮ್ಮನಿದ್ನಿ."