ಕೆಪುವೇಲಿಯ ಎಡಗೆನ್ನೆ

ಆ ಶನಿವಾರ ಬೆಳಿಗ್ಗೆ ಫುಸಿಯಜ್ಜಿಯ ಸೊಂಟ ಹಿಡಿದುಕೊಳ್ಳದೆ ಇದ್ದಿದ್ದರೆ ಕೆಪುವೇಲಿ ತನ್ನ ಪಾಡಿಗೆ ತಾನು ಕೋಣೆಯಲ್ಲಿ ಕೂತು ಪ್ರವಚನ ಬಾಯಿಪಾಠ ಮಾಡುತ್ತಿದ್ದ. ಮರುದಿನ ಭಾನುವಾರ ಟೋಂಗಾ ದ್ವೀಪದ ಆ ಊರ ಚರ್ಚಿನಲ್ಲಿ ಎತ್ತರದ ಪೀಠ ಹತ್ತಿ ಅವನು ಮಾತಾಡಬೇಕಿತ್ತು. ಪಟ್ಟಿಯಲ್ಲಿ ಅವನ ಹೆಸರು ಬರಲು ಆರು ವರ್ಷ ಹಿಡಿದಿತ್ತು. ವಿಷಯ, ಸಹನೆ. ಬಿಳಿ ಅಂಗಿಗೆ ಇಸ್ತ್ರಿಯಾಗಿತ್ತು, ಚರ್ಚಿಗೆ ಹೋಗುವಾಗ ಮರ್ಯಾದೆಗೆಂದು ಸೊಂಟಕ್ಕೆ ಸುತ್ತುವ ಚಾಪೆಯನ್ನು ಬಿಸಿಲಿಗೆ ಹಾಕಿ ಕೊಡವಿ ಇಟ್ಟಾಗಿತ್ತು.

ಹಿತ್ತಲಲ್ಲಿ ಮಾತ್ರ ಸಹನೆಗೆ ಜಾಗವಿರಲಿಲ್ಲ. ಅವನ ಹೆಂಡತಿ ಸೆಲಾ ಮತ್ತು ಅವಳ ಗುಂಪಿನ ಹೆಂಗಸರು ಕೋಕಾ ಮರದ ತೊಗಟೆ ಹೆರೆದು ರಾಶಿ ಹಾಕಿದ್ದರು. ಮುಂದಿನ ತಿಂಗಳ ಪ್ರದರ್ಶನಕ್ಕೆ, ಮರದ ಒಳತೊಗಟೆ ಬಡಿದು ಮಾಡಿದ ನಾರುಬಟ್ಟೆಗೆ ಬಣ್ಣ ಹಾಕಬೇಕು; ಅಂಗಡಿಯ ಬಣ್ಣ ಒಂದು ಹನಿಯೂ ಕೂಡದು. ಕಂದು ಬಣ್ಣಕ್ಕೆ ಕೋಕಾ ಇತ್ತು. ಚಿಂತೆಯೆಲ್ಲ ಕಪ್ಪಿನದು. ಕಾಯಿ ಸುಟ್ಟು ತೆಗೆದ ಮಸಿ ಹೋದ ವರ್ಷ ತೀರ್ಪುಗಾರ್ತಿಯ ಬಿಳಿ ಅಂಗಿಯ ತೋಳಿಗೆ ಮೆತ್ತಿಕೊಂಡು, ಬಹುಮಾನ ಪಕ್ಕದ ಊರಿಗೆ ಹೋಗಿತ್ತು.

"ರೀ, ಸ್ವಲ್ಪ ಬನ್ನಿ. ಅಜ್ಜಿ ಕೈಲಿ ಆಗ್ತಿಲ್ಲ, ಚೀಲ ಹಿಂಡಬೇಕು" ಎಂದು ಸೆಲಾ ಕೂಗಿದಳು.

"ನನ್ನ ಪ್ರವಚನ..."

"ಸಹನೆ ತಾನೇ? ಇಲ್ಲೇ ಅಭ್ಯಾಸ ಮಾಡಿ."

ನಾರಿನಿಂದ ಹೆಣೆದ ಉದ್ದನೆಯ ಜಾಲರಿ ಚೀಲದ ಒಂದು ತುದಿಯನ್ನು ಮಾವಿನ ಕೊಂಬೆಗೆ ಕಟ್ಟಿತ್ತು. ಹೊಟ್ಟೆಯಲ್ಲಿ ಹಸಿ ತೊಗಟೆ, ಕೆಳತುದಿಗೆ ಒಂದು ಕೋಲು. ಆ ಕೋಲನ್ನು ತಿರುಗಿಸಿದಷ್ಟೂ ಚೀಲ ಹುರಿಗಟ್ಟಿ ರಸ ತೊಟ್ಟಿಗೆ ಇಳಿಯುತ್ತದೆ. ಕೆಪುವೇಲಿ ತಿರುಗಿಸಿದ. ಬೆವರು ಇಳಿಯಿತು.

"ಕೈ ಬಿಟ್ಟೀಯ ಜೋಕೆ!" ಎಂದು ಫುಸಿಯಜ್ಜಿ ಚಾಪೆಯ ಮೇಲೆ ಮಲಗಿದಲ್ಲಿಂದಲೇ ಗದರಿದಳು. ಗುಂಪಿಗೆ ಹಿರಿಯಳು, ಎಪ್ಪತ್ತರ ವಿಧವೆ, ನಾಲಿಗೆಗೆ ಮಾತ್ರ ಇಪ್ಪತ್ತು. "ಏನೋ ಕೆಪು, ರಾತ್ರಿ ಸೆಲಾನ ತಬ್ಬಿಕೊಳ್ಳೋವಾಗ್ಲೂ ಹೀಗೇ ಕೈ ನಡುಗತ್ತಾ?"

ಹೆಂಗಸರೆಲ್ಲ ಗೊಳ್ಳೆಂದರು. ಅದೇ ಹೊತ್ತಿಗೆ ತಲೆಯ ಮೇಲೆ ತೊಗಟೆಯ ಬುಟ್ಟಿ ಹೊತ್ತು ಬೇಲಿ ದಾಟಿ ಬಂದವಳು ಲೋಸಲೀನ, ಕೆಪುವೇಲಿಯ ಸ್ವಂತ ಅಕ್ಕ.

ಅಕ್ಕನ ಎದುರು ಪೋಲಿ ಮಾತು ಕೇಳಿಸಿಕೊಂಡು ನಿಲ್ಲುವುದಕ್ಕಿಂತ ಟೋಂಗಾದ ಗಂಡಸಿಗೆ ಬಟ್ಟೆಯಿಲ್ಲದೆ ಬೀದಿಗೆ ಬರುವುದು ಮೇಲು. ಅಂಥ ಹೊತ್ತಿನಲ್ಲಿ ಎದ್ದು ಓಡುವುದನ್ನು ಯಾರೂ ಕಲಿಸಬೇಕಿಲ್ಲ. ಕೆಪುವೇಲಿ ಓಡಿದ. ಕೈಯಲ್ಲಿದ್ದ ಕೋಲು ಬಿಟ್ಟದ್ದು ಅವನಿಗೆ ಗೊತ್ತೇ ಆಗಲಿಲ್ಲ.

ಹುರಿಗಟ್ಟಿದ ಚೀಲ ಗಿರಗಿರನೆ ಬಿಚ್ಚಿಕೊಂಡು ಸುತ್ತಲೂ ರಸ ಚಿಮ್ಮಿಸಿತು. ಹೆಂಗಸರು ಬಗ್ಗಿದರು. ಓಡುತ್ತಿದ್ದವನ ಎಡಗೆನ್ನೆ ಕಿವಿಯವರೆಗೆ ತೊಯ್ದಿತು.

ಕೋಕಾ ರಸ ಎಂದರೆ ಅಜ್ಜನ ಕಾಲದ ಬಟ್ಟೆಯಲ್ಲಿ ಇವತ್ತಿಗೂ ಕೂತಿರುವ ಬಣ್ಣ. ಕೆಪುವೇಲಿ ಮನೆಯ ಹಿಂದಿನ ನೀರಿನ ತೊಟ್ಟಿಯಲ್ಲಿ ಇಣುಕಿದ. ಅರ್ಧ ಮುಖ ಅವನದು, ಅರ್ಧ ಯಾರದೋ. ಈ ಮುಖ ಹೊತ್ತು ನಾಳೆ ಪೀಠ ಹತ್ತುವುದೇ? ಊರು ನಕ್ಕು ನಕ್ಕು ಸಾಯುತ್ತದೆ. ಬೇಡವೆಂದರೆ ಇನ್ನು ಆರು ವರ್ಷ.

"ನಿಂಬೆಹಣ್ಣು ಉಜ್ಜು" ಎಂದು ಫುಸಿಯಜ್ಜಿ ಹೇಳಿ ಕಳಿಸಿದಳು. ಉಜ್ಜಿದ. ಕಣ್ಣು ಉರಿಯಿತು, ಕಲೆ ಒಂಚೂರು ತಿಳಿಯಾದಂತೆ ಕಂಡಿತು. ಆಸೆ ಹುಟ್ಟಿತು. ಪಕ್ಕದ ಮನೆಯವಳು ಬೇಲಿಯ ಮೇಲಿಂದ, "ನಿಂಬೆಗೆಲ್ಲ ಹೋಗಲ್ಲ ಕಣಪ್ಪ, ಒಲೆ ಬೂದಿ ಕಲಸಿ ಹಚ್ಚು" ಎಂದಳು. ಹಚ್ಚಿದ. ಕೆನ್ನೆ ಕಡುಗೆಂಪಾಯಿತು. ಹೆದರಿ ಮತ್ತೆ ನಿಂಬೆಗೆ ಹೋದ, ಮತ್ತೆ ಬೂದಿಗೆ ಬಂದ, ಕೈಗೆ ಸಿಕ್ಕಿದ್ದೆಲ್ಲ ಬಳಿದುಕೊಂಡ. ಒಂದು ಕಡೆ ಕೂರಲಾರ, ನಿಲ್ಲಲಾರ, ನಿಮಿಷಕ್ಕೊಮ್ಮೆ ತೊಟ್ಟಿಗೆ ಇಣುಕುತ್ತಾನೆ.

ಮಧ್ಯಾಹ್ನ ಪೆನಿ ಬಂದ. ಪ್ರವಚನದ ಪಟ್ಟಿಯಲ್ಲಿ ಕೆಪುವೇಲಿಯ ನಂತರದ ಹೆಸರು ಪೆನಿಯದು.

"ಅಯ್ಯೋ ಪಾಪ!" ಎಂದ ಅವನ ಮುಖದಲ್ಲಿ ಪಾಪ ಎಲ್ಲೂ ಕಾಣಲಿಲ್ಲ. "ಸಮುದ್ರದ ನೀರಿಗೆ ಹೋಗದ ಕಲೆ ಉಂಟಾ? ತಗೋ, ನಾನೇ ತಂದಿದ್ದೀನಿ. ತೆಂಗಿನ ಸಿಪ್ಪೆ ತಗೊಂಡು ಚೆನ್ನಾಗಿ ತಿಕ್ಕು."

ಅವನು ತಂದದ್ದು ಹಳೇ ಮೊಳೆ ನೆನೆಹಾಕಿದ್ದ ತುಕ್ಕು ಹಿಡಿದ ಡಬ್ಬದಲ್ಲಿ. ಕೆಪುವೇಲಿ ತಿಕ್ಕಿದ. ನೋಡನೋಡುತ್ತಿದ್ದಂತೆ ಕಡುಗೆಂಪು ಹೋಯಿತು. ತೊಗಟೆಯ ರಸಕ್ಕೆ ಕಬ್ಬಿಣದ ತುಕ್ಕು ಸೇರಿ, ಅದರ ಜಾಗದಲ್ಲಿ ಮಿರಮಿರ ಮಿಂಚುವ ಕಡುಗಪ್ಪು ಬಂತು.

ಅವನು ಟವೆಲ್ ಸುತ್ತಿಕೊಂಡು ಅಡುಗೆಮನೆಯ ಹಿಂದೆ ಕುಕ್ಕರಿಸಿದ. ಅಳು ಬರುವಂತಿತ್ತು. ಸೆಲಾ ಹುಡುಕಿಕೊಂಡು ಬಂದು ಟವೆಲ್ ಎಳೆದಳು.

"ಅಯ್ಯೋ ದೇವರೇ! ಇರಿ, ಒರೆಸ್ತೀನಿ." ಉಟ್ಟ ಬಟ್ಟೆಯ ತುದಿ ಒದ್ದೆ ಮಾಡಿ ಒರೆಸಿದಳು. ಬಟ್ಟೆ ನೋಡಿದಳು. ಇನ್ನೊಮ್ಮೆ ಬಲವಾಗಿ ಒರೆಸಿ ಮತ್ತೆ ಬಟ್ಟೆ ನೋಡಿದಳು. ಅವಳ ಮುಖ ಅರಳಿತು. "ಅಜ್ಜೀ! ಬೇಗ ಬನ್ನಿ! ಹತ್ತಲ್ಲ! ಈ ಕಪ್ಪು ಕೈಗೆ ಹತ್ತೋದೇ ಇಲ್ಲ!"

ಸೊಂಟ ಹಿಡಿದಿದ್ದ ಫುಸಿಯಜ್ಜಿ ಎಲ್ಲರಿಗಿಂತ ಮೊದಲು ಓಡಿ ಬಂದಳು. ಸಂತೆಯಲ್ಲಿ ಬದನೆಕಾಯಿ ಅದುಮಿ ನೋಡುವಂತೆ ಹೆಂಗಸರು ಸರದಿಯಲ್ಲಿ ಅವನ ಕೆನ್ನೆ ಉಜ್ಜಿ ನೋಡಿದರು. ಕಪ್ಪು ಅಲುಗಲಿಲ್ಲ.

"ಬಹುಮಾನ ನಮ್ದೇ! ಹೇಳೋ ಕೆಪು, ಮೊದಲು ನಿಂಬೆಯೋ ಬೂದಿಯೋ? ಎಷ್ಟು ಸಲ?"

"ನಿಂಬೆ... ಆಮೇಲೆ ಬೂದಿ... ಮತ್ತೆ ನಿಂಬೆ... ನೆನಪಿಲ್ಲ ಅಜ್ಜಿ. ಬಟ್ಟೆ ಮೇಲೆ ಮಾಡಿ ನೋಡಿ."

"ಆರು ತಿಂಗಳು ಬಡಿದ ಬಟ್ಟೆ ಕಣೋ! ಹಾಳಾದ್ರೆ?"

ಪೆನಿ ಗಂಟಲು ಸರಿಮಾಡಿಕೊಂಡ. "ಪಾಪ, ಈ ಮುಖದಲ್ಲಿ ಹೇಗೆ? ನಾಳೆ ಪ್ರವಚನ ನಾನೇ ಹೇಳ್ತೀನಿ ಬಿಡಿ."

ಕೆಪುವೇಲಿಗೆ ಜೀವ ಬಂದಂತಾಯಿತು. ಆರು ವರ್ಷ ಹಾಳಾಗಿ ಹೋಗಲಿ, ಮಾನ ಉಳಿದರೆ ಸಾಕು. ಅಷ್ಟರಲ್ಲಿ ಹೆಂಗಸರು ಬದಿಗೆ ಸರಿದು ದಾರಿ ಬಿಟ್ಟರು. ಅಕ್ಕ ಬಂದಿದ್ದಳು. ಅಕ್ಕ ಕಾಪಾಡುತ್ತಾಳೆ ಎಂದು ಅವನ ಕಣ್ಣು ತುಂಬಿತು.

ಲೋಸಲೀನ ದೂರದಲ್ಲೇ ನಿಂತು ತಮ್ಮನ ಕೆನ್ನೆ ನೋಡಿದಳು. ಇಂಥ ವಿಷಯ ತಮ್ಮನಿಗೆ ನೇರವಾಗಿ ಹೇಳುವುದು ಮರ್ಯಾದೆಯಲ್ಲವೆಂದು, ಮಾತಾಡಿದ್ದು ಸೆಲಾಳ ಜೊತೆ.

"ಸೆಲಾ, ನಾಳೆ ಚರ್ಚಿಗೆ ಆ ತೀರ್ಪುಗಾರ್ತಿನೂ ಬರ್ತಾಳೆ. ನನ್ನ ತಮ್ಮನೇ ಪೀಠ ಹತ್ತಲಿ. ಅಷ್ಟು ಎತ್ತರದಲ್ಲಿ ನಿಂತ್ರೆ ನಮ್ಮ ಕಪ್ಪು ಎಲ್ರಿಗೂ ಕಾಣತ್ತೆ. ಮತ್ತೆ, ಅಳತೆ ನೆನಪಿಲ್ಲ ಅಂದ್ರೆ ಮೊದಲಿಂದ ಮಾಡಿ ನೋಡೋದು. ನಿನ್ನ ಗಂಡನಿಗೆ ಬಲಗೆನ್ನೆ ಇನ್ನೂ ಖಾಲಿ ಇದೆಯಲ್ಲ?"

ಅಕ್ಕ ಹೇಳಿದ ಮೇಲೆ ಆಗದು ಎಂದ ತಮ್ಮ ಆ ದ್ವೀಪದಲ್ಲಿ ಇನ್ನೂ ಹುಟ್ಟಿಲ್ಲ. ಫುಸಿಯಜ್ಜಿ ನಿಂಬೆಹಣ್ಣು ಕೊಯ್ದಳು, ಸೆಲಾ ಬರೆದುಕೊಳ್ಳಲು ಪೆನ್ಸಿಲ್ ಹುಡುಕಿ ಅವನ ಪ್ರವಚನದ ಹಾಳೆಯನ್ನೇ ಮಗುಚಿ ಇಟ್ಟುಕೊಂಡಳು, ಪೆನಿ ಮುಖ ಸಪ್ಪಗೆ ಮಾಡಿಕೊಂಡು ಡಬ್ಬ ತುಂಬಿಸಲು ಹೋದ.

ಕೆಪುವೇಲಿ ಕಣ್ಣು ಮುಚ್ಚಿ ಬಲಗೆನ್ನೆಯನ್ನು ಅವರತ್ತ ತಿರುಗಿಸಿದ.