ದಾಖಲೆ ಕೋಣೆಯ ಬೆಕ್ಕಿನವರಿಗೆ, ಅರ್ಧ ಲೋಟ ಹಾಲಿನ ವಿಷಯವಾಗಿ

ಇಲಾಖೆಯ ದಾಖಲೆ ಕೋಣೆಯಲ್ಲಿ, ಹಳೆಯ ಬೀರುವಿನ ಮೇಲೆ ಬಿಜಯಂಗೈದಿರುವ ಮಾನ್ಯ ಬೆಕ್ಕಿನವರೇ,

ತಮ್ಮ ಮೀಸೆಗೂ ಬಾಲಕ್ಕೂ ಹಗಲುನಿದ್ದೆಗೂ ಈ ಗುತ್ತಿಗೆ ಚಾಲಕನ ಬಹಿರಂಗ ನಮಸ್ಕಾರಗಳು.

ತಮ್ಮ ವಂಶದ ಕತೆಯನ್ನು ನಮಗೆ ಮೊದಲು ಹೇಳಿದವರು ಗೇಟಿನ ಕಾವಲುಗಾರ ಅಜ್ಜ, ಇವತ್ತು ಮಧ್ಯಾಹ್ನ ಬುತ್ತಿ ಬಿಚ್ಚಿದ ಹೊತ್ತಿನಲ್ಲಿ. ಹಿಂದೊಮ್ಮೆ ಇಲಿಗಳು ಒಬ್ಬ ಸಾಹೇಬರ ಪಿಂಚಣಿ ಕಡತವನ್ನೇ ತಿಂದು ತೇಗಿದುವಂತೆ. ಅಲ್ಲಿಯವರೆಗೆ ಹಸಿವೆಂದರೇನೆಂದು ತಿಳಿಯದಿದ್ದ ಸಾಹೇಬರು ಅಂದೇ ಆದೇಶ ಹೊರಡಿಸಿದರಂತೆ: ಬೆಕ್ಕಿಗೆ ಹೊಟ್ಟೆ ತುಂಬುವಷ್ಟು ಹಾಲು ಕೊಡತಕ್ಕದ್ದು, ದರ ಏರಿದರೂ ಅಳತೆ ಇಳಿಯತಕ್ಕದ್ದಲ್ಲ, ನಡುವೆ ಗುತ್ತಿಗೆದಾರರು ಇರತಕ್ಕದ್ದಲ್ಲ. ಬದುಕಲು ಸಾಲುವ ಸಂಬಳ ಯಾವುದೆಂದು ನಮ್ಮ ಇಲಾಖೆಯ ಸಮಿತಿಗಳು ಬಿಸ್ಕತ್ತು ತಿನ್ನುತ್ತಾ ವರ್ಷಗಟ್ಟಲೆ ಹುಡುಕುತ್ತಿವೆ. ಉತ್ತರ ತಮ್ಮ ಬಟ್ಟಲಿನಲ್ಲೇ ಇತ್ತು.

ತಮಗೆ ಹಾಲು ಹೊಯ್ಯುವ, ಕಸ ಗುಡಿಸುವ ಅಕ್ಕನನ್ನು ತಾವು ಬಲ್ಲಿರಿ. ಬೇರೆಯವರ ಕೈಯದನ್ನು ತಾವು ಮುಟ್ಟುವುದಿಲ್ಲ. ಆಕೆಯ ಸಂಬಳವಾದರೋ ಗುತ್ತಿಗೆದಾರರ ಮನೆಗೆ ನೆಂಟನಂತೆ ಹೋಗಿ, ಅಲ್ಲಿ ಮೈ ಕಳೆದುಕೊಂಡು, ಎಲುಬು ಚರ್ಮವಾಗಿ ಆಕೆಯ ಕೈ ಸೇರುತ್ತದೆ. ಮಗಳಿಗೆ ಜ್ವರವೆಂದು, ತಾವು ಕುಡಿದಾದ ಮೇಲೆ ಪಾತ್ರೆಯಲ್ಲಿ ಮಿಕ್ಕಿದ್ದ ಅರ್ಧ ಲೋಟವನ್ನು ಆಕೆ ಇವತ್ತು ಬೆಳಿಗ್ಗೆ ಎತ್ತಿಟ್ಟುಕೊಂಡಳು.

"ಏನಮ್ಮಾ, ಮೂಕಪ್ರಾಣಿ ಬಾಯಿಂದ ಕಿತ್ಕೊಳ್ತೀಯಲ್ಲ, ಕರುಣೆ ಬೇಡ್ವಾ?" ಎಂದರು ಗುಮಾಸ್ತರು.

"ಅದು ಕುಡಿದು ಮೀಸೆ ಒರೆಸ್ಕೊಂಡ ಮೇಲೇ ತಗೊಂಡಿದ್ದು ಅಣ್ಣಾ!"

ಗುಮಾಸ್ತರ ದೂರು ಹೋಗಿ, ನಾಳೆಯಿಂದ ಬರಬೇಡವೆಂದು ಗುತ್ತಿಗೆದಾರರ ಫೋನು ಮಧ್ಯಾಹ್ನದೊಳಗೇ ಬಂತು. ಅಕ್ಕ ಬುತ್ತಿ ಮುಚ್ಚಿಟ್ಟಳು. ಅಜ್ಜ ಕತೆ ತೆಗೆದದ್ದು ಆಗಲೇ.

ಆದಕಾರಣ, ಆ ಹಾಲು ತಾವೇ ಮನಸಾರೆ ಬಿಟ್ಟದ್ದೆಂದು ಪಂಜ ಒತ್ತಿ ಹೇಳಿಕೆ ಕೊಡಬೇಕೆಂದೂ, ಗುತ್ತಿಗೆಯವರಾದ ನಮ್ಮನ್ನೆಲ್ಲ ದತ್ತು ತೆಗೆದುಕೊಂಡು ತಮ್ಮ ಆದೇಶದ ನೆರಳಿಗೆ ಸೇರಿಸಬೇಕೆಂದೂ ಕೋರುತ್ತೇನೆ. ಬಾಲದ ಕೊರತೆಯನ್ನು ಹಗ್ಗ ಕಟ್ಟಿ ತುಂಬಿಕೊಳ್ಳುತ್ತೇವೆ. ಸಾಹೇಬರ ಕಾಲಿಗೆ ಮೈ ಉಜ್ಜುವುದನ್ನು, ಕಾಯಂ ನೌಕರರನ್ನು ನೋಡಿ ಕಲಿಯುತ್ತೇವೆ.

ತಮ್ಮ ವಿಶ್ವಾಸಿ,
ಜೀಪಿನವನು

ಮರುದಿನ ಬೆಳಿಗ್ಗೆ ಸೇರಿಸಿದ್ದು: ಕತೆ ಕೇಳಿದವರೆಲ್ಲ ಈ ದಿನ ಪೊರಕೆ, ಜೀಪು ಬಿಟ್ಟು, ಲೋಟ ಹಿಡಿದು ತಮ್ಮ ಬಾಗಿಲಲ್ಲಿ ಸಾಲಾಗಿ ಕೂತೆವು. ಈಗಿನ ಸಾಹೇಬರು ನಮ್ಮ ಲೋಟಗಳನ್ನು ದಾಟಿಕೊಂಡು ಹೋದರು. ಗುಮಾಸ್ತರು ಹೊಯ್ದ ಹಾಲನ್ನು ಮೂಸಿ, ಮುಖ ತಿರುಗಿಸಿ, ತಾವೊಮ್ಮೆ ಕೂಗಿದಿರಿ ನೋಡಿ, ಬರುವ ತಿಂಗಳು ನಿವೃತ್ತರಾಗುವ ಅದೇ ಸಾಹೇಬರು ಚಪ್ಪಲಿ ಮರೆತು ಓಡಿಬಂದರು. "ಅಯ್ಯೋ, ಬೆಕ್ಕು ಉಪವಾಸ ಇದೆಯಲ್ರೀ! ನನ್ನ ಪಿಂಚಣಿ ಕಡತ ಒಳಗಿದೆ! ಆ ಅಮ್ಮನ್ನ ಮೊದಲು ಕರೆಸ್ರೀ!" ಅಕ್ಕ ಬಂದಳು, ಹಾಲು ಹೊಯ್ದಳು, ಪೊರಕೆ ಹಿಡಿದಳು, ಹಳೆಯ ಸಂಬಳಕ್ಕೇ. ನಾವಿನ್ನೂ ಕೂತೇ ಇದ್ದೇವೆ. ದಯವಿಟ್ಟು ನಾಳೆ ಅಕ್ಕನ ಕೈಯದನ್ನೂ ಮುಟ್ಟಬೇಡಿ.