ಮಾವನ ಹಾಯಿ ಎಷ್ಟು ಚದರಡಿ?

ನಮ್ಮ ಸೋದರಮಾವನಿಗೆ ತಲೆ ಕೆಟ್ಟಿದೆ ಎಂದು ನಾನು ಹೇಳುವುದಿಲ್ಲ. ಯಲಹಂಕದಲ್ಲಿ ಮೂರನೇ ಮಹಡಿಯ ಟೆರೇಸಿನ ಮೇಲೆ ಹಾಯಿದೋಣಿ ಇಟ್ಟುಕೊಂಡಿದ್ದಾರೆ, ಅಷ್ಟೇ. ತೀರ್ಮಾನ ನಿಮಗೇ ಬಿಟ್ಟಿದ್ದು!

ಇದಕ್ಕೆಲ್ಲ ಕಾರಣ ಅತ್ತೆ. ಅವರು ನುಂಗುವ ಮಾತ್ರೆಗೂ ಬಿಸಿಲಿಗೂ ಆಗಿಬರುವುದಿಲ್ಲ. ಬಿಸಿಲು ತಾಕಿದರೆ ಮೈಯೆಲ್ಲ ಬೊಬ್ಬೆ. ವರ್ಷದಿಂದ ಹೊಸಿಲು ದಾಟಿಲ್ಲ. ಒಂದು ದಿನ ಕಿಟಕಿಯಿಂದ ಪುಟ್ಟೇನಹಳ್ಳಿ ಕೆರೆ ನೋಡುತ್ತಾ, "ಒಂದ್ಸಲಾನೂ ದೋಣೀಲಿ ಕುಂತಿಲ್ಲ ನಾನು" ಅಂದರಂತೆ. ಬೇರೆ ಗಂಡಂದಿರಾಗಿದ್ದರೆ 'ಹೂಂ' ಎಂದು ಪೇಪರ್ ತಿರುಗಿಸುತ್ತಿದ್ದರು. ಮಾವ ಎಲ್ಲಿಂದಲೋ ಹಳೆಯ ದೋಣಿ ತಂದರು. ಕೆರೆಗೆ ಇಳಿಸಲು ಯಾರೂ ಬಿಡಲಿಲ್ಲ. ಕ್ರೇನು ಕರೆಸಿ ಟೆರೇಸಿಗೆ ಏರಿಸಿದರು.

ಹಾಯಿ ಹರಿದಿತ್ತು. ಹೊಸದನ್ನು ಹೊಲಿಸಲು ವಿಸ್ತೀರ್ಣ ಬೇಕಾಯಿತು. ನಾನು ಕಾಲೇಜಿನಲ್ಲಿ ಗಣಿತ ಪಾಠ ಮಾಡುವವನಲ್ಲವೇ? ಸಿಕ್ಕಿಬಿದ್ದೆ.

"ತಳ ಎಂಟಡಿ, ಎತ್ತರ ಹನ್ನೆರಡಡಿ. ಗುಣಿಸಿ ಅರ್ಧ ಮಾಡಿದ್ರೆ ನಲವತ್ತೆಂಟು ಚದರಡಿ ಮಾವ," ಅಂದೆ.

"ಮಿಕ್ಕಿದ್ ಅರ್ಧ ಯಾವ ರೋಡ್‌ಗೆ ಓಯ್ತು?"

ಏರ್‌ಪೋರ್ಟ್ ರಸ್ತೆ ಅಗಲವಾದಾಗಲೆಲ್ಲ ಜಮೀನು ಕಳೆದುಕೊಂಡ ಮನೆತನ. ಅರ್ಧ ಎಂದರೆ ಸಾಕು, ಮೈ ಉರಿಯುತ್ತದೆ. ಟವಲನ್ನು ಮೂಲೆಯಿಂದ ಮೂಲೆಗೆ ಮಡಿಸಿ ತ್ರಿಕೋನ ತೋರಿಸಿದ ಮೇಲೆ ಒಪ್ಪಿದರು.

"ಗುಂಟೆ ಲೆಕ್ಕದಾಗೆ ಎಷ್ಟಾಯ್ತದೆ ಏಳು."

"ಇಂಥವು ಇಪ್ಪತ್ತೆರಡು ಹಾಯಿ ಸೇರಿಸಿದ್ರೂ ಒಂದು ಗುಂಟೆ ಆಗಲ್ಲ ಮಾವ."

"ಅಂಗಾದ್ರೆ ಇದ್ಕೆ ಪಹಣಿ ಸಿಗಾಕಿಲ್ಲ ಬುಡು," ಎಂದು ನಿಟ್ಟುಸಿರುಬಿಟ್ಟರು.

ಪೀಡೆ ತೊಲಗಿತು ಅಂದುಕೊಂಡೆ. ಎಲ್ಲಿ ತೊಲಗುತ್ತದೆ? ಹಾಯಿ ಹೊಲಿಸಿ ತಂದ ಮರುದಿನವೇ ಪಾಠದ ನಡುವೆ ಫೋನು. "ಬೆಳಿಗ್ಗೆ ಒಂಬತ್ತಕ್ಕೂ ನಲವತ್ತೆಂಟೇನಾ?"

"ಯಾವಾಗ್ಲೂ ನಲವತ್ತೆಂಟೇ ಮಾವ."

"ನೀನ್ ಓದಿದ್ದು ದಂಡ ಕಣ್ಲಾ. ನಾನ್ ಅಳತೆ ಇಡ್ಕಂಡ್ ನೋಡಿವ್ನಿ. ಒಂಬತ್ತಕ್ಕೊಂದು, ಅತ್ತಕ್ಕೊಂದು. ಮಧ್ಯಾಹ್ನ ಬಟ್ಟೆ ಇದ್ರೂ ಒಂದೇ, ಇಲ್ದಿದ್ರೂ ಒಂದೇ."

ಗಂಟೆಗೊಂದು ವಿಸ್ತೀರ್ಣವಂತೆ! ಶಾಲೆಯಲ್ಲಿ ಮೇಷ್ಟರ ಹತ್ತಿರ ಹೀಗೆ ಹೇಳಿದ್ದರೆ ನನಗೆ ಬೆಂಚಿನ ಮೇಲೆ ನಿಲ್ಲುವ ಶಿಕ್ಷೆ ಖಾಯಂ. ವಾರವಿಡೀ ಇದೇ ಗೋಳು. ಭಾನುವಾರ ಬೆಳಿಗ್ಗೆ, ಇಂದು ಬಾಯಿತುಂಬ ಬೈದೇ ಬರುತ್ತೇನೆಂದು ಹೊರಟೆ.

ಟೆರೇಸಿನಲ್ಲಿ ಹಾಯಿ ಏರಿತ್ತು. ದೋಣಿಯ ಹಲಗೆಗಳ ಮೇಲೆ ಸೀಮೆಸುಣ್ಣದ ಗೆರೆಗಳು: ಒಂಬತ್ತಕ್ಕೆ ನೆರಳು ಇಲ್ಲಿಯವರೆಗೆ, ಹತ್ತಕ್ಕೆ ಅಲ್ಲಿಯವರೆಗೆ. ಆ ಮನುಷ್ಯ ಇಷ್ಟು ದಿನ ಅಳೆದದ್ದು ಹಾಯಿಯ ನೆರಳನ್ನು. ಗಾಳಿಯ ಯೋಚನೆ ಅವರಿಗೆ ಮೊದಲಿನಿಂದಲೂ ಇರಲಿಲ್ಲ.

ನೆರಳಿನ ನಟ್ಟನಡುವೆ, ತಲೆತುಂಬ ಸೆರಗು ಹೊದ್ದು, ಅತ್ತೆ ಕೂತಿದ್ದರು. ಮಾವ ಹೊರಗೆ ಬಿಸಿಲಲ್ಲಿ ನಿಂತು, ಸೂರ್ಯ ಸರಿದಂತೆಲ್ಲ ಹಾಯಿಯ ಕೋಲನ್ನು ಒಂದಿಷ್ಟೇ ತಿರುಗಿಸುತ್ತಿದ್ದರು. ಬೈಯಲು ಬಂದವನು ಚಪ್ಪಲಿ ಕಳಚಿ ಮೆಟ್ಟಿಲ ಮೇಲೆ ಕೂತೆ.

"ಎಲ್ಲಿಗ್ ಬಂದ್ವಿ?" ಅತ್ತೆ ಕೇಳಿದರು.

"ಎಬ್ಬಾಳ ದಾಟ್ತಾ ಇದೀವಿ."

"ನಿಧಾನುಕ್ಕೇ ಓಗ್ಲಿ ಬುಡಿ. ಇಳಿಯಾಕೆ ನಂಗೇನ್ ಅರ್ಜೆಂಟಿಲ್ಲ."